ಹೆಸರಷ್ಟೇ ಸಾಲದು, ಕಾರಣ ಬೇಕು

ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಸರಿಯಾಗಿ ಎಲ್ಲಿಂದಲೋ ಒಬ್ಬ ಅವಳಿ ತಮ್ಮ ಬಂದು ನಿಂತರೆ ನಾನು ಆ ಪುಸ್ತಕವನ್ನು ಎತ್ತಿ ಮೂಲೆಗೆ ಎಸೆಯುತ್ತೇನೆ. ಓದುವವರಿಗೆ ಮೋಸ ಮಾಡಿ ಗೆಲ್ಲುವುದೂ ಒಂದು ಗೆಲುವೇ? ಯಲಬುರ್ಗಾದ ಕಂಡಕ್ಟರರಿಗೆ ಮಾತ್ರ ಅಂಥವೇ ಇಷ್ಟ. ಸ್ಟಾಪಿಗೊಂದು ಹೆಣ ಬಿದ್ದರೆ ಸಾಕು, ಪುಸ್ತಕ ಭಾಳ ಛಲೋ ಐತಿ ಎಂದುಬಿಡುತ್ತಾರೆ. ಹನುಮಸಾಗರದ ಡ್ರಿಲ್ ಮಾಸ್ತರರು ಇದಕ್ಕೆ ತದ್ವಿರುದ್ಧ. ಕೊಲೆಗಾರ ಗೋಡೆ ಹಾರಿ ಓಡಿದ ಎಂದು ಬರೆದಿದ್ದರೆ ಗೋಡೆ ಎಷ್ಟು ಎತ್ತರ, ಕಾಲಲ್ಲಿ ಚಪ್ಪಲಿ ಇತ್ತೋ ಬೂಟು ಇತ್ತೋ ಎಂದು ಕೇಳುವ ಆಸಾಮಿ. ಈ ಇಬ್ಬರು, ನಾನು, ಮತ್ತು ನನ್ನ ಗಂಡ. ನಮ್ಮ ಗುಂಪು ಇಷ್ಟೇ.

ನಮ್ಮವರಿಗೆ ಗಂಗಾವತಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಭಾನುವಾರ ಬೆಳಿಗ್ಗೆ ಅಂಗಡಿಗೆ ರಜೆ, ಆದರೆ ಷಟರ್ ಅರ್ಧ ಎತ್ತಿರುತ್ತಿತ್ತು. ಕಂಡಕ್ಟರರು ಡ್ಯೂಟಿ ಇಲ್ಲದ ವಾರ ಬರುತ್ತಿದ್ದರು, ಮಾಸ್ತರರು ಕುಷ್ಟಗಿಗೆ ಬಂದು ಬಸ್ಸು ಬದಲಿಸಿ ಬರುತ್ತಿದ್ದರು. ವಾರವೆಲ್ಲ ಫೋನಿನ ಗುಂಪಿನಲ್ಲಿ ಇದು ಓದ್ರಿ, ಅದು ಓದಬ್ಯಾಡ್ರಿ ಎಂದು ಜಗಳ ನಡೆದೇ ಇರುತ್ತಿತ್ತು. ಆದರೆ ತೀರ್ಪು ಮಾತ್ರ ಅಂಗಡಿಯಲ್ಲಿ, ತಾಮ್ರದ ತಂತಿಯ ಸುರುಳಿಗಳ ನಡುವೆ, ಎದುರಿಗೆ ಚಹಾ ಇಟ್ಟುಕೊಂಡು.

ನಮ್ಮದೊಂದು ಪದ್ಧತಿ ಇತ್ತು. ಯಾರೇ ಪುಸ್ತಕ ಕೊಟ್ಟರೂ ಕೊನೆಯ ಅಧ್ಯಾಯದ ಹಾಳೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಕೊಡಬೇಕು. ಓದಿದವರು ಭಾನುವಾರ ಬಂದು ಎಲ್ಲರ ಮುಂದೆ ಎದ್ದು ನಿಂತು ಅಪರಾಧಿ ಯಾರೆಂದು ಹೇಳಬೇಕು. ಮೊದಲೇ ಓದಿದವರು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು, ಮುಖದಲ್ಲಿ ಒಂದು ಗೆರೆಯೂ ಕದಲಬಾರದು. ಹೇಳಿ ಮುಗಿದ ಮೇಲೆ ಅವರು ಕೇಳಬಹುದಾದದ್ದು ಒಂದೇ ಮಾತು: ‘ಯಾಕ?’ ಅದಕ್ಕೆ ಉತ್ತರ ಇಲ್ಲದಿದ್ದರೆ ಹೆಸರು ಸರಿಯಿದ್ದರೂ ಲೆಕ್ಕಕ್ಕಿಲ್ಲ. ಕಾರಣ ಹೇಳಲಾಗದವರು ಪುಸ್ತಕ ಎತ್ತಿಕೊಂಡು ಮನೆಗೆ ಹೋಗಿ ಮತ್ತೆ ಮೊದಲಿನಿಂದ ಓದಬೇಕು. ಕಾರಣ ಹೇಳಿದರೆ ಕ್ಲಿಪ್ಪು ಬಿಚ್ಚಿ ಆ ಅಧ್ಯಾಯವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ಓದು ಚೆನ್ನ ಎಂದು ಆ ಕೆಲಸವನ್ನು ನನಗೆ ವಹಿಸಿದವರು ನಮ್ಮವರೇ.

ಪದ್ಧತಿ ಮಾಡಿದವರೂ ಅವರೇ. ‘ಚಾಕು ಯಾರ ಕೈಯಾಗ ಇತ್ತು ಅಂತ ನೋಡಬ್ಯಾಡ್ರಿ. ಚಾಕು ಎಲ್ಲಾರ ಮನ್ಯಾಗೂ ಇರ್ತೈತಿ. ಯಾಕ ಮಾಡ್ಯಾನ ಅದನ್ನ ನೋಡ್ರಿ. ಕಾರಣ ಇಲ್ಲಂದ್ರ ಅಂವ ಅಲ್ಲ, ಮುಗೀತು’ ಎನ್ನುತ್ತಿದ್ದರು. ಹಾಗೆ ನೋಡಿಯೇ ಅವರು ಅರ್ಧ ಪುಸ್ತಕದಲ್ಲೇ ಕಳ್ಳನ ಕೊರಳಪಟ್ಟಿ ಹಿಡಿಯುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಸಿಟ್ಟು ಮೊದಲೇ ನನ್ನ ಮೂಗಿನ ತುದಿಯಲ್ಲಿ. ಕೊನೆಯ ಪುಟ ಕದ್ದು ಓದಿದ್ದೀರಿ ಎಂದು ಜಗಳ ತೆಗೆಯುತ್ತಿದ್ದೆ. ಅವರು ನಗುತ್ತಾ ಕ್ಲಿಪ್ಪನ್ನು ತಮ್ಮ ಕಿವಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದರು.

ಒಂದು ಭಾನುವಾರ ಅವರು ಎದ್ದು ನಿಂತು, ಎರಡನೆಯ ಅಧ್ಯಾಯದಲ್ಲೇ ಸತ್ತುಹೋದವನನ್ನು ಕೊಲೆಗಾರ ಎಂದರು. ಕಂಡಕ್ಟರರು ಪದ್ಧತಿ ಮರೆತು ಬಿದ್ದು ಬಿದ್ದು ನಕ್ಕರು. ‘ಅಂವಗ ಟಿಕೆಟ್ ಕೊಟ್ಟು ಕಳಿಸಿ ಆಗ್ಲೇ ಭಾಳ ಹೊತ್ತಾತಲ್ರಿ!’ ನಮ್ಮವರೂ ನಕ್ಕರು, ಆದರೆ ಎಲ್ಲರೂ ನಗುವುದನ್ನು ನೋಡಿದ ಮೇಲೆ ನಕ್ಕರು. ಅದು ನನಗೆ ಕಂಡಿತು. ನಂತರದ ವಾರಗಳಲ್ಲಿ ಎರಡು ಕಾದಂಬರಿಗಳ ಜನರನ್ನು ಒಂದೇ ಮನೆಯಲ್ಲಿ ತಂದು ಕೂರಿಸಿ ಕಥೆ ಹೇಳಿದರು. ಆ ಕಥೆಯೂ ಚೆನ್ನಾಗಿಯೇ ಇತ್ತು ಅನ್ನಿ. ಆಮೇಲೆ ಅವರು ಸುತ್ತಿದ ಮೋಟರುಗಳು ಹೊಲಕ್ಕೆ ಹೋದ ದಿನವೇ ಸುಟ್ಟು ವಾಪಸು ಬರತೊಡಗಿದವು. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಕೈಕೊಟ್ಟಿತ್ತು.

ಮಗಳು, ಅಳಿಯ ನಮ್ಮ ಮನೆಯ ಮೇಲಂತಸ್ತಿನಲ್ಲೇ ಇರುತ್ತಾರೆ. ಮಗಳು ಅಪ್ಪನನ್ನು ಕೊಪ್ಪಳದ ಡಾಕ್ಟರರಿಗೆ ತೋರಿಸಿಕೊಂಡು ಬಂದಳು. ಮರೆವಿನ ರೋಗ, ಹೋದದ್ದು ವಾಪಸು ಬರುವುದಿಲ್ಲ, ಮಾತ್ರೆ ಕೊಟ್ಟರೆ ಹೋಗುವುದು ನಿಧಾನವಾಗಬಹುದು ಅಷ್ಟೇ ಎಂದರಂತೆ. ಅಂಗಡಿಗೆ ಬೀಗ ಹಾಕಿದೆವು. ಅಂದು ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ. ಹೊರಗೆ ಬಂದರೆ ಅವರು, ‘ಯಾಕ ಕಣ್ಣ ಕೆಂಪಾಗ್ಯಾವು? ಯಾರ ಏನ ಅಂದ್ರ?’ ಎಂದರು. ಆಗಿನ್ನೂ ಅವರು ನನ್ನನ್ನು ಗುರುತು ಹಿಡಿಯುತ್ತಿದ್ದರು.

ಮಾತ್ರೆ ನುಂಗಿಸುವುದೇ ದೊಡ್ಡ ರಾಮಾಯಣವಾಯಿತು. ಜೀವನವಿಡೀ ವಿಷಪ್ರಯೋಗದ ಕಥೆ ಓದಿದವರು! ಮಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಕಿಟಕಿಯಿಂದ ಆಚೆ ಒಗೆಯುತ್ತಿದ್ದರು. ಪುಡಿ ಮಾಡಿ ಹಾಲಿಗೆ ಹಾಕಿ ಕೊಡಿ ಎಂದು ಡಾಕ್ಟರರೇ ಹೇಳಿದರು. ನಾನು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತು ಪುಡಿ ಮಾಡತೊಡಗಿದೆ. ಒಮ್ಮೆ ಅವರು ಸಾಣಾಪುರದ ರಸ್ತೆ ಹಿಡಿದು ಹೋಗಿಬಿಟ್ಟಿದ್ದರು, ಚಹಾ ಅಂಗಡಿಯವರು ಬೈಕಿನಲ್ಲಿ ಕರೆತಂದರು. ಅಂದಿನಿಂದ ಗೇಟಿಗೆ ಬೀಗ, ಕೀಲಿಕೈ ನನ್ನ ಸೊಂಟದಲ್ಲಿ. ಅವರ ಫೋನನ್ನೂ ನಾನೇ ಇಟ್ಟುಕೊಂಡೆ.

ಆಮೇಲೊಂದು ದಿನ ಅವರು ನನ್ನನ್ನು ಗಮನಿಸಲು ಶುರುಮಾಡಿದರು. ಗಮನಿಸುವುದು ಅಂದರೆ ಹೇಗೆ? ಪೇಪರು ಅಡ್ಡ ಹಿಡಿದು, ಅದರ ಅಂಚಿನಿಂದ. ನಾನು ಅಡುಗೆಮನೆಗೆ ಹೋದರೆ ಬಾಗಿಲ ತನಕ ಬಂದು ನಿಲ್ಲುವುದು, ನಾನು ತಿರುಗಿದರೆ ಕ್ಯಾಲೆಂಡರ್ ನೋಡುವುದು. ಪುಸ್ತಕದ ಪತ್ತೇದಾರ ಮಾಡುವುದನ್ನೆಲ್ಲ ಮಾಡಿದರು. ಮೊದಮೊದಲು ನನಗೆ ನಗು ಬಂತು. ‘ಏನ್ ನೋಡಾಕತ್ತೀರಿ, ನಾನೇನ್ ಕಳ್ಳಿಯೇನು?’ ಎಂದು ರೇಗಿಸಿದೆ. ಅವರು ನಗಲಿಲ್ಲ. ಬಹಳ ಮರ್ಯಾದೆಯಿಂದ, ‘ಈ ಮನಿ ಹೆಣಮಗಳು ಎಲ್ಲಿ ಹೋಗ್ಯಾಳ್ರಿ?’ ಎಂದು ಕೇಳಿದರು. ಮದುವೆಯಾದಾಗಿನಿಂದ ನನಗೆ ಒಮ್ಮೆಯೂ ‘ರಿ’ ಹಚ್ಚಿ ಮಾತಾಡಿದವರಲ್ಲ ಅವರು.

ನಾನೇ ನಿಮ್ಮ ಹೆಂಡತಿ ಎಂದೆ. ಮದುವೆಯ ಫೋಟೋ ತಂದು ತೋರಿಸಿದೆ. ಫೋಟೋದಲ್ಲಿದ್ದ ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು, ಫೋಟೋವನ್ನು ತಮ್ಮ ಅಂಗಿಯೊಳಗೆ ಇಟ್ಟುಕೊಂಡರು. ನನ್ನ ಕೈಗೆ ವಾಪಸು ಕೊಡಲಿಲ್ಲ. ಅಂದಿನಿಂದ ಹಾಲು ಬಿಟ್ಟರು, ನಾನು ಮಾಡಿದ ಅಡುಗೆಯನ್ನೂ ಬಿಟ್ಟರು. ಮಗಳು ಮೇಲಿನಿಂದ ರೊಟ್ಟಿ ತಂದುಕೊಟ್ಟರೆ ಮಾತ್ರ ತಿನ್ನುತ್ತಿದ್ದರು. ಮೈ ಇಳಿಯುತ್ತಾ ಬಂತು. ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ನಾನು ಯಾರೆಂದು ಅವರಿಗೆ ಒಮ್ಮೆ ತಿಳಿದರೆ ಸಾಕಾಗಿತ್ತು. ಹೇಮಗುಡ್ಡದ ದುರ್ಗಮ್ಮನಿಗೂ ಅದನ್ನೇ ಕೇಳಿಕೊಂಡೆ, ನಡುನಡುವೆ ಅವಳಿಗೆ ನಾಲ್ಕು ಮಾತು ಬೈದೆ ಕೂಡ.

ಅಂಗಡಿ ಮುಚ್ಚಿದ ಮೇಲೆ ಕಂಡಕ್ಟರರೂ ಮಾಸ್ತರರೂ ಭಾನುವಾರ ಮನೆಗೇ ಬರುತ್ತಿದ್ದರು. ಅವರ ಹೆಸರು ನಮ್ಮವರಿಗೆ ಮರೆತಿತ್ತು, ಆದರೆ ಇವರು ಕಥೆ ಕೇಳುವ ಜನ ಎಂಬುದು ಮರೆತಿರಲಿಲ್ಲ. ಆ ಭಾನುವಾರ ನಾನು ಚಹಾ ತಂದಿಡುತ್ತಿದ್ದಂತೆಯೇ ನಮ್ಮವರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು.

‘ಚಾ ಕುಡೀಬ್ಯಾಡ್ರಿ’ ಎಂದರು. ‘ಮೊದ್ಲ ನಾ ಹೇಳೂದು ಕೇಳ್ರಿ. ನನ್ನ ಹೆಂಡ್ತಿ ಕಾಣವಲ್ಲಳು. ಆಕೀನ್ನ ಈಕಿ ಏನೋ ಮಾಡ್ಯಾಳ.’

ಮಾಸ್ತರರು ಏಳಲು ಹೋದರು. ನಾನು ಬೇಡ ಎಂದು ಕೈಸನ್ನೆ ಮಾಡಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ಅವರು ಅಷ್ಟು ನೆಟ್ಟಗೆ, ಅಷ್ಟು ಸ್ಪಷ್ಟವಾಗಿ ಮಾತಾಡಿ ತಿಂಗಳುಗಳಾಗಿದ್ದವು. ಆ ದನಿ ಇನ್ನಷ್ಟು ಹೊತ್ತು ಕೇಳಲಿ ಎನ್ನಿಸಿತು, ನನ್ನ ಮೇಲಿನ ಆರೋಪವಾದರೂ ಪರವಾಗಿಲ್ಲ.

ಅವರು ಒಂದೊಂದಾಗಿ ಹೇಳುತ್ತಾ ಹೋದರು. ‘ಈಕಿ ಹಾಲಿನ್ಯಾಗ ಏನೋ ಪುಡಿ ಹಾಕ್ತಾಳ, ನಾ ಕಣ್ಣಾರ ಕಂಡೀನಿ. ಗೇಟಿಗೆ ಕೀಲಿ ಹಾಕ್ಯಾಳ. ನನ್ನ ಫೋನ್ ಕಸಗೊಂಡಾಳ. ನನ್ನ ಹೆಂಡ್ತೀದು ಇಳಕಲ್ ಸೀರಿ ಈಕಿ ಉಟ್ಟಾಳ ನೋಡ್ರಿ, ಆ ಸೀರಿ ನಾನ ಕೊಡ್ಸಿದ್ದು. ಆಕಿ ತಾಳಿನೂ ಈಕಿ ಕೊಳ್ಳಾಗ ಐತಿ.’

ಒಂದು ಮಾತೂ ಸುಳ್ಳಲ್ಲ. ನನ್ನ ಕೈ ತಾನಾಗಿಯೇ ತಾಳಿಯ ಮೇಲೆ ಹೋಯಿತು. ಎಲ್ಲ ಸುಳಿವನ್ನೂ ಹುಡುಕಿದ್ದಾರೆ, ಒಂದನ್ನೂ ಬಿಟ್ಟಿಲ್ಲ. ಇಷ್ಟು ಚೆನ್ನಾಗಿ ಯಾವ ಕಾದಂಬರಿಯಲ್ಲೂ ಅವರು ಹಿಡಿದಿರಲಿಲ್ಲ ಎಂದು ಆ ದುಃಖದಲ್ಲೂ ನನಗೆ ಹೆಮ್ಮೆಯಾಯಿತು. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಮೇಲಿನಿಂದ ಇಳಿದು ಬಂದಿದ್ದ ಮಗಳು ಬಾಗಿಲಲ್ಲಿ ನಿಂತು ಬಿಕ್ಕುತ್ತಿದ್ದಳು. ಮಾಸ್ತರರು ತಲೆ ತಗ್ಗಿಸಿಬಿಟ್ಟಿದ್ದರು. ಸದಾ ನಗುತ್ತಿದ್ದ ಕಂಡಕ್ಟರರೊಬ್ಬರೇ ಕಣ್ಣು ಕದಲಿಸದೆ ಕೂತಿದ್ದರು. ಅವರು ಗಂಟಲು ಸರಿಮಾಡಿಕೊಂಡು ಕೇಳಿದರು:

‘ಯಾಕ?’

ನಮ್ಮವರು ನನ್ನ ಕಡೆ ತಿರುಗಿ ನೋಡಿದರು. ಪೇಪರಿನ ಅಂಚಿನಿಂದಲ್ಲ, ನೇರವಾಗಿ. ಅಡಿಯಿಂದ ಮುಡಿಯವರೆಗೆ ನೋಡಿದರು. ಈಗ ಗುರುತು ಸಿಕ್ಕೀತು, ಇನ್ನೇನು ಈಗಲೇ ಸಿಕ್ಕೀತು ಎಂದುಕೊಂಡೆ.

‘ಬ್ಯಾಸರಿಲ್ಲದ ಮಾಡ್ತಾಳ್ರಿ ಈಕಿ’ ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ‘ನಾ ಬೈದ್ರೂ ಬಿಸಿನೀರ ಕಾಸಿ ಇಡ್ತಾಳ. ಹಾಸಿಗಿ ಹಾಸ್ತಾಳ. ನನ್ನ ಕಡಿಂದ ಒಂದೂ ಕೇಳಂಗಿಲ್ಲ. ಕಾರಣ ಸಿಗವಲ್ದು.’ ಆಮೇಲೆ, ‘ಕಾರಣ ಇಲ್ಲಂದ್ರ ಈಕಿ ಅಲ್ಲ’ ಎಂದರು.

ಮಾಸ್ತರರು ಕಣ್ಣೊರೆಸಿಕೊಂಡರು. ಕಂಡಕ್ಟರರು ನಮ್ಮವರನ್ನು ಕೈಹಿಡಿದು ಕೂರಿಸಿದರು. ನಮ್ಮವರು ನನ್ನ ಕಡೆ ಎರಡೂ ಕೈ ಮುಗಿದು ಹೇಳಿದರು: ‘ತಪ್ಪ ತಿಳ್ಕೋಬ್ಯಾಡ್ರೀ ಅಕ್ಕಾರ. ಮನಷ್ಯಾ ಕಳದಾಗ ಯಾರ ಮ್ಯಾಲರ ಸಂಶೆ ಬರ್ತೈತಿ.’

ಅಕ್ಕ. ನನಗೆ ಕೂಗಬೇಕೆನಿಸಿತು, ಚಹಾದ ಬಟ್ಟಲುಗಳನ್ನು ಗೋಡೆಗೆ ಒಗೆಯಬೇಕೆನಿಸಿತು. ‘ಇರ್ಲಿ ಬಿಡ್ರಿ’ ಎಂದು ಒಳಗೆ ಹೋದೆ.

ಅಂದಿನಿಂದ ಅವರು ಹಾಲು ಕುಡಿಯುತ್ತಾರೆ. ಊಟ ಮಾಡುತ್ತಾರೆ, ಮೈ ತುಸು ತುಂಬಿದೆ. ಡಾಕ್ಟರರಿಗೆ ಸಮಾಧಾನ, ಮಗಳಿಗೂ ಸಮಾಧಾನ. ನನಗೂ ಆಗಬೇಕಿತ್ತು. ಆದರೆ ಸಂಶಯ ಇರುವ ತನಕ ಅವರು ನನ್ನ ಮುಖವನ್ನಾದರೂ ಹುಡುಕಿ ಹುಡುಕಿ ನೋಡುತ್ತಿದ್ದರು. ಈಗ ಅದೂ ಇಲ್ಲ. ನಾನೊಬ್ಬಳು ಒಳ್ಳೆಯ ಹೆಂಗಸು, ಹೆಂಡತಿಯನ್ನು ಹುಡುಕಲು ಸಹಾಯ ಮಾಡುವವಳು, ಅಷ್ಟೇ. ಕಂಡಕ್ಟರರು ಈಗಲೂ ಗುಂಪಿಗೆ ಹೊಸ ಪುಸ್ತಕದ ಫೋಟೋ ಹಾಕಿ, ಅಕ್ಕಾರ, ಇದನ್ನ ಬಿಡಬ್ಯಾಡ್ರಿ, ಭಾಳ ಛಲೋ ಐತಿ ಎಂದು ಬರೆಯುತ್ತಾರೆ. ತರಿಸಿಕೊಳ್ಳುತ್ತೇನೆ. ನಾಲ್ಕು ಪುಟ ಓದುತ್ತೇನೆ. ಯಾರೋ ಕಾಣೆಯಾದರು ಎಂದು ಬಂದ ಕೂಡಲೇ ಮಡಚಿಡುತ್ತೇನೆ.

ಬೆಳಿಗ್ಗೆ ಹಾಲು ಕುಡಿದಾದ ಮೇಲೆ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಳೆದುಹೋದವಳ ಚಹರೆ ಹೇಳುತ್ತಾರೆ. ಭಾಳ ಸಿಟ್ಟಿನಾಕಿ, ಆದ್ರ ಸಿಟ್ಟು ಚಾ ಆರೂದ್ರಾಗ ಇಳೀತೈತಿ. ಓದಾಕ ಕುಂತ್ಲಂದ್ರ ಕೇಳ್ಕೋತ ಕುಂದ್ರಬೇಕು. ತವರಮನಿ ಕುಷ್ಟಗಿ ಕಡೆ, ಅಲ್ಲಿ ಒಮ್ಮಿ ನೋಡಿ ಬರೂಣೇನು? ಇಷ್ಟೊಂದು ಒಳ್ಳೆಯ ಮಾತು ಅವರು ನನ್ನ ಎದುರಿಗೆ ಎಂದೂ ಆಡಿದವರಲ್ಲ.

ಮೊನ್ನೆ ಕೇಳಿಯೇಬಿಟ್ಟೆ: ‘ಆಕಿ ಸಿಕ್ಕರ ಏನ್ ಹೇಳ್ತೀರಿ?’

‘ಹೇಳೂದೇನೈತ್ರಿ? ಎಲ್ಲಿಗೆ ಹೋಗಿದ್ದಿ ಅಂತನೂ ಕೇಳಂಗಿಲ್ಲ. ಬಾ, ಕುಂದ್ರು ಅಂತೀನಿ.’

ಊಟದ ಹೊತ್ತಾಗಿತ್ತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ ಏಳಿ ಎಂದೆ. ಅವರು ಏಳಲಿಲ್ಲ. ಗೇಟಿನ ಕಡೆಗೇ ನೋಡುತ್ತಾ, ‘ತಡೀರಿ ಅಕ್ಕಾರ, ಆಕೀನೂ ಬರ್ಲಿ, ಕೂಡೇ ಉಣ್ತೀವಿ’ ಎಂದರು. ನಾನು ಅವರ ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಇಟ್ಟು, ಅವರ ಜೊತೆ ನಾನೂ ಅವಳಿಗಾಗಿ ಕಾಯುತ್ತಾ ಕೂತೆ.