ಸುಣ್ಣದ ಕಾಕಾನ ಉಸಿರು

ಕಳೆದ ವಾರ ಶಹಾಪುರದ ಮೈದಾನದ ಬದಿಗೆ ಬೈಕು ನಿಲ್ಲಿಸಿ ಮೊಬೈಲು ನೋಡುತ್ತಿದ್ದೆ. ಯಾರೋ ಕಬಡ್ಡಿ ಅಂಕಣಕ್ಕೆ ನೀರು ಹೊಡೆದು ಸುಣ್ಣದ ಗೆರೆ ಎಳೆಯುತ್ತಿದ್ದರು. ಹಸಿ ಮಣ್ಣಿಗೆ ಸುಣ್ಣ ಬಿದ್ದಾಗ ಏಳುವ ಆ ಘಾಟು ವಾಸನೆ ಮೂಗಿಗೆ ಬಡಿಯಿತು. ಮೊಬೈಲಿನಲ್ಲಿ ಆಗ ಆಸ್ಟ್ರೇಲಿಯಾದ ಫುಟ್‌ಬಾಲಿನ ವಿಡಿಯೊ. ಅಲ್ಲಿ ಅಪ್ಪ ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ, ಮಗನನ್ನು ಸೇರಿಸಿಕೊಳ್ಳಲು ಆ ಕ್ಲಬ್ಬಿಗೇ ಮೊದಲ ಹಕ್ಕಂತೆ. ಮೊದಲು ನಗು ಬಂತು, ಬೆನ್ನಿಗೇ ಸಿಟ್ಟು. ಅವರು ನೂರಾದರೂ ಕೇಳುತ್ತಾರೆ. ನಮ್ಮ ಓಣಿಯ ಕಬಡ್ಡಿ ಸಂಘದಲ್ಲಿ, ಆಡಿದವರ ಬುಕ್ಕಿನೊಳಗೆ ಅಪ್ಪನ ಹೆಸರು ಒಂದು ಸಲ ಬಿದ್ದಿದ್ದರೆ ಮುಗೀತು, ಮಗನಿಗೆ ಮೊದಲ ಜಾಗ. ಆ ನಿಯಮದಿಂದ ಒಳಗೆ ಬಂದ ಗಿರಾಕಿ ನಾನೇ. ಅದರಿಂದ ಹೊರಗೆ ಉಳಿದದ್ದು ಸುಣ್ಣದ ಕಾಕಾನ ಮಗ.

ಕಾಕಾ ನಮ್ಮ ಮನೆಯ ಹಿಂದಿನ ಸಾಲಿನವರು. ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿ ಹಿಡಿದು, ಹಗ್ಗ ಕಟ್ಟದೆಯೇ, ಒಂದೇ ನಡಿಗೆಯಲ್ಲಿ ನೆಟ್ಟಗೆ ಗೆರೆ ಎಳೆಯುತ್ತಿದ್ದರು. ಎಡಗಾಲು ಸ್ವಲ್ಪ ಕುಂಟು. ಗೆರೆ ಮಾತ್ರ ಕುಂಟುತ್ತಿರಲಿಲ್ಲ. ಗೆರೆ ಮುಗಿದ ಮೇಲೆ ಖಾಲಿ ಅಂಕಣದಲ್ಲಿ ಒಬ್ಬರೇ ಒಂದು ಸಲ ರೇಡು ಹೋಗಿ ಬರುತ್ತಿದ್ದರು. ಬಲದೊಡೆಗೆ ಎರಡು ಏಟು, ತುಸು ತಡೆದು ಮೂರನೆಯದು. ಆಮೇಲೆ ಆ ದನಿ... ಕಬಡ್ಡಿ ಕಬಡ್ಡಿ ಎಂದು ಜೇನು ಗುಂಯ್ಗುಟ್ಟಿದ ಹಾಗೆ, ಎಲ್ಲೂ ಕಡಿಯದೆ.

ನಾನು ಊರಿನವರೆಲ್ಲರ ದನಿ ಮಾಡುತ್ತಿದ್ದವನು. ಹೆಡ್‌ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ಸಂಘದ ಅಧ್ಯಕ್ಷರು ಮೈಕು ಕಂಡ ಕೂಡಲೇ ಹೊಟ್ಟೆ ಮುಂದೆ ಮಾಡುವುದು, ಕನ್ನಡಿ ಮುಂದೆ ನಾನು ಮೀಸೆ ಹುಡುಕುವುದು, ಎಲ್ಲ ಬರುತ್ತಿತ್ತು. ಕಬಡ್ಡಿಯೊಂದು ಬರುತ್ತಿರಲಿಲ್ಲ. ಕಾಕಾನ ಮಗ ನನ್ನ ವಾರಗೆಯವನು. ಅವನು ರೇಡಿಗೆ ಬಂದರೆ ನಾವು ಏಳು ಮಂದಿಯೂ ಗೆರೆಯ ಹಿಂದೆ ಅಡಗುವುದೊಂದು ಬಾಕಿ.

ಆ ವರ್ಷ ಯಾದಗಿರಿಯಲ್ಲಿ ಜಿಲ್ಲಾ ಪಂದ್ಯ. ಅಲ್ಲಿ ಆಡಿದವರಲ್ಲಿ ಕೆಲವರನ್ನು ಕ್ರೀಡಾ ಹಾಸ್ಟೆಲ್‌ಗೆ ಆರಿಸುವವರಿದ್ದರು. ಕಾಕಾನ ಮಗನಿಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ವರ್ಷ. ಏಳರಲ್ಲಿ ಆರು ಹೆಸರು ಬರೆದಾಗಿತ್ತು. ಅಧ್ಯಕ್ಷರು ಹಳೆಯ ಬುಕ್ಕು ತೆರೆದು, ನಮ್ಮಪ್ಪನ ಹೆಸರಿನ ಮೇಲೆ ಬೆರಳಿಟ್ಟು, ಏಳನೆಯದು ನನ್ನ ಹೆಸರು ಬರೆದರು. ಕಾಕಾ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರ ಹೆಸರು ಆ ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ಪಂದ್ಯಕ್ಕೆ ಎರಡು ದಿನ ಇದ್ದಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಗೆಳೆಯರನ್ನು ನಗಿಸಲು ಕಾಕಾನ ರೇಡು ಮಾಡಿ ತೋರಿಸಿದೆ. ಕುಂಟು ಕಾಲು, ತೊಡೆಗೆ ಎರಡು ಏಟು, ತಡೆದು ಮೂರನೆಯದು. ಮೂಲೆಯಲ್ಲಿ ಕೂತಿದ್ದ ಕೆಂಭಾವಿಯ ಒಬ್ಬ ಅಜ್ಜ, ನಾನು ಯಾರ ಮಗನೆಂದು ಕೇಳಿಕೊಂಡು, ಬಸಿ ಕೆಳಗಿಟ್ಟ.

"ಥೇಟ್ ನಿಮ್ಮಪ್ಪ ನೋಡು. ಕೆಂಭಾವಿ ಪಂದ್ಯದಾಗ ಮೈಕಿನ್ಯಾಗ ನಿಮ್ಮಪ್ಪನ ಹೆಸರು ಕರೀತಿದ್ರು, ಅಂವ ಹಿಂಗೇ ತೊಡಿ ತಟ್ಟಿ ಹೊಂಟನಂದ್ರ ನಾವು ಬೀಡಿ ಸೇದಾದು ಬಿಡ್ತಿದ್ವಿ."

ಗೆಳೆಯರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಪ್ಪನದು ಬಟ್ಟೆ ವ್ಯಾಪಾರ. ಅವರು ತೊಡೆ ತಟ್ಟಿದ್ದನ್ನು ನಾನು ಕಂಡದ್ದು ಸೊಳ್ಳೆ ಹೊಡೆಯುವಾಗ ಮಾತ್ರ.

ಮನೆಗೆ ಹೋಗಿ ಕೇಳಿದೆ. ಅಪ್ಪ ಉಣ್ಣುತ್ತ ಕೂತಿದ್ದರು, ರೊಟ್ಟಿ ಮುರಿಯುವುದನ್ನೂ ನಿಲ್ಲಿಸಲಿಲ್ಲ. "ಪಟ್ಟಿ ಮೊದಲೇ ಕಳಿಸಿದ್ರು, ಹೆಸರು ಬದಲು ಮಾಡಾಕ ಬರ್ತಿರಲಿಲ್ಲ. ನಂಗ ಅವತ್ತು ಸಂತಿ ಇತ್ತು. ನನ್ನ ಅಂಗಿ ಹಾಕ್ಕೊಂಡು ನಿಮ್ಮ ಸುಣ್ಣದ ಕಾಕಾ ಆಡಿದ. ಆಮ್ಯಾಗ ಅದೇ ರೂಢಿ ಆಯ್ತು." ಎಷ್ಟು ಸಲ ಎಂದೆ. "ಎಲ್ಲಾ ಸಲ," ಎಂದರು. ಕಾಕಾನ ಆ ಎಡ ಮೊಣಕಾಲು ಮುರಿದದ್ದೂ ನಮ್ಮಪ್ಪನ ಹೆಸರಿನಲ್ಲೇ. ಅಂದರೆ ನನ್ನ ಹಕ್ಕು ಕಾಕಾ ಆಡಿ ಗಳಿಸಿಕೊಟ್ಟದ್ದು, ಅವರ ಮಗನ ಕಿಸೆಯಿಂದ ಜಾರಿ ನನ್ನ ಕಿಸೆಗೆ ಬಿದ್ದದ್ದು...

ಅಧ್ಯಕ್ಷರ ಹತ್ತಿರ ಓಡಿದೆ. ಅವರಿಗೂ ಗೊತ್ತಿತ್ತು. "ಬುಕ್ಕಿನ್ಯಾಗ ಏನದ, ಅದ ಖರೆ," ಎಂದರು. ಹಾಗಾದರೆ ನಾನು ಆಡುವುದಿಲ್ಲ ಎಂದೆ. "ಬ್ಯಾಡ ಬಿಡು. ಬುಕ್ಕಿನ್ಯಾಗ ನನ್ನ ಹೆಸರೂ ಅದ, ನನ್ನ ಮಗನೂ ಅದಾನ." ಅವರ ಮಗನಿಗೆ ಧೂಳು ಕಂಡರೆ ಸೀನು.

ಆಗ ನನಗೊಂದು ಬುದ್ಧಿ ಹೊಳೆಯಿತು. ಅದನ್ನು ಬುದ್ಧಿ ಎಂದುಕೊಂಡದ್ದಕ್ಕೆ ಇವತ್ತಿಗೂ ನಾಚಿಕೆ. ಕಾಕಾನ ಮನೆಗೆ ಹೋಗಿ, ಪಂದ್ಯಕ್ಕೆಂದು ಸಂಘ ಕೊಟ್ಟಿದ್ದ ನೀಲಿ ಅಂಗಿ ಮುಂದಿಟ್ಟು ಹೇಳಿದೆ: "ಕಾಕಾ, ನನ್ನ ಹೆಸರಿನ್ಯಾಗ ನಿಮ್ಮ ಮಗನೇ ಆಡ್ಲಿ. ಅಲ್ಲಿ ಯಾರಿಗೆ ಗೊತ್ತಾಗ್ತದ?"

ಕಾಕಾ ಡಬ್ಬಿಯ ತೂತಿಗೆ ಕಡ್ಡಿ ಹಾಕಿ ಸುಣ್ಣ ಕೆದರುತ್ತಿದ್ದರು. ಕಡ್ಡಿ ಕೆಳಗಿಟ್ಟರು.

"ತಮ್ಮಾ, ಕಬಡ್ಡಿ ಅಂದ್ರ ಉಸುರಿನ ಆಟ. ಹೆಸರು ನಿಮ್ಮಪ್ಪಂದು, ಉಸುರು ನಂದು. ನಾ ಕೊಟ್ಟದ್ದು ಸಾಕು. ನನ್ನ ಮಗ ಆಡಿದ್ರ ತನ್ನ ಹೆಸರಿನ್ಯಾಗ ಆಡ್ತಾನ, ಇಲ್ಲಂದ್ರ ಇಲ್ಲ." ಆಮೇಲೆ ಅಂಗಿ ಮಡಚಿ ನನ್ನ ಕೈಗಿಟ್ಟರು. "ಹೋಗು, ಛಲೋ ಆಡು." ಬೈದಿದ್ದರೆ ಚೆನ್ನಾಗಿತ್ತು.

ನಾನು ಹೋದೆ. ಯಾರು ಹೋದರೂ ಕಾಕಾನ ಮಗನಂತೂ ಹೋಗುವುದಿಲ್ಲವಲ್ಲ ಎಂದು ನನಗೆ ನಾನೇ ವಕೀಲನಾದೆ. ಖರೆ ಹೇಳಬೇಕೆಂದರೆ ನೀಲಿ ಅಂಗಿಯ ಆಸೆ. ಯಾದಗಿರಿಯಲ್ಲಿ ಮೊದಲ ರೇಡಿಗೆ ಥೇಟು ಕಾಕಾನ ಹಾಗೆಯೇ ತೊಡೆ ತಟ್ಟಿದೆ. ಆರಿಸಲು ಬಂದವರು ತಲೆ ಎತ್ತಿದರು, ಪೆನ್ನು ಹಿಡಿದರು. ನಾಲ್ಕು ಹೆಜ್ಜೆಗೆ ಉಸಿರು ಮುಗಿಯಿತು. ಯಾರೋ ಕಾಲು ಹಿಡಿದು ಎಳೆದರು. ಪೆನ್ನು ಕೆಳಗಿಳಿಯಿತು.

ಕಾಕಾನ ಮಗ ಈಗ ಹತ್ತಿ ಮಿಲ್ಲಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದಾನೆ. ಸಿಕ್ಕರೆ ಮಾತಾಡುತ್ತಾನೆ, ಕಬಡ್ಡಿ ಮಾತು ಬಿಟ್ಟು. ಕಾಕಾ ತೀರಿಹೋಗಿ ಎರಡು ವರ್ಷವಾಯಿತು. ಅವರು ಹೋದ ತಿಂಗಳಲ್ಲೇ ನಾನು ಸಂಘಕ್ಕೆ ಹೋಗಿ, ಬುಕ್ಕಿನಲ್ಲಿ ನಮ್ಮಪ್ಪನ ಹೆಸರು ಹೊಡೆದು ಅವರದನ್ನು ಬರೆಯಿರಿ ಎಂದು ಕೇಳಿದೆ. "ತಿದ್ದಿದ್ರ ಬುಕ್ಕು ಹೊಲಸಾಗ್ತದ," ಎಂದರು ಅಧ್ಯಕ್ಷರು. ಈಗ ಹೊಲಸಿಲ್ಲವೇನ್ರಿ ಎಂದೆ. ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ. ಅದೇ ಬುಕ್ಕಿನಲ್ಲಿ ಈಗ ನನ್ನ ಹೆಸರೂ ಇದೆ, ನಾಲ್ಕು ಹೆಜ್ಜೆಯ ಸಾಧನೆಗೆ. ನನಗಿನ್ನೂ ಹೆಣ್ಣು ಗೊತ್ತಾಗಿಲ್ಲ, ಹುಟ್ಟದ ನನ್ನ ಮಗನಿಗೆ ಮಾತ್ರ ಜಾಗ ಕಾಯ್ದಿರಿಸಿ ಆಗಿದೆ.

ಮೈದಾನದಲ್ಲಿ ಗೆರೆ ಎಳೆಯುತ್ತಿದ್ದವರು ಹಗ್ಗ ಕಟ್ಟಿಕೊಂಡಿದ್ದರು, ಆದರೂ ಗೆರೆ ಸೊಟ್ಟ. ಅವರು ಹೋದ ಮೇಲೆ ಚಪ್ಪಲಿ ಬಿಟ್ಟು ಒಳಗಿಳಿದೆ. ತೊಡೆಗೆ ಎರಡು ಏಟು, ತಡೆದು ಮೂರನೆಯದು. ಕಾಕಾನ ದನಿ ಗಂಟಲಿಗೆ ಸರಿಯಾಗಿಯೇ ಬಂತು. ಆಚೆಯ ಗೆರೆ ಇನ್ನೂ ದೂರ ಇತ್ತು, ಅಷ್ಟರಲ್ಲೇ ಉಸಿರು...