ಹೊಸ ಸಿಂಥಸೈಜರೂ ನನ್ನ ಒರಿಜಿನಲ್ ಸ್ಕೇಲೂ

ನಮ್ಮ ಆರ್ಕೆಸ್ಟ್ರಾಕ್ಕೆ ಹೊಸ ಸಿಂಥಸೈಜರ್ ಬಂದ ದಿನ ಮೊದಲ ಜಗಳ ಆದದ್ದು ತೆಂಗಿನಕಾಯಿಯ ವಿಷಯಕ್ಕೆ. ಬಂದರಿನ ಒಂದು ಒಣಮೆಣಸಿನ ಗೋದಾಮಿನ ಮೇಲಿನ ಕೋಣೆ ನಮ್ಮ ಪ್ರಾಕ್ಟೀಸಿನ ಜಾಗ. ಅಲ್ಲಿ ಹಾಡುವುದಕ್ಕಿಂತ ಸೀನುವುದೇ ಜಾಸ್ತಿ. ಕೀಬೋರ್ಡಿನ ಹುಡುಗ ಸಿಂಥಸೈಜರನ್ನು ಕಾಟಿಪಳ್ಳದ ಮನೆಯಿಂದ ರಿಕ್ಷಾದಲ್ಲಿ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ತಂದಿದ್ದ. ಹುಡುಗ ಅಂದರೆ ನಲವತ್ತು ದಾಟಿದ್ದಾನೆ; ತಂಡದ ಹಾಡುಗಾರ್ತಿ ನಾನು, ನನಗೆ ತಮ್ಮನ ಹಾಗೆ. ಆ ಮಾಡೆಲ್ಲು ಮಾರ್ಕೆಟಿಗೆ ಬಂದು ತಿಂಗಳೂ ಆಗಿರಲಿಲ್ಲ; ಅವನ ಭಾವ ದುಬೈಯಿಂದ ಬರುವಾಗ ತಂದುಕೊಟ್ಟದ್ದು. ರಿದಂ ಪ್ಯಾಡ್ ಬಾರಿಸುವವನು ಊದುಬತ್ತಿ ಹಚ್ಚಿ, ಕಾಯಿ ಒಡೆಯಲು ಕತ್ತಿ ಎತ್ತಿದ್ದೇ ತಡ, ಹುಡುಗ ಬೊಬ್ಬೆ ಹಾಕಿದ.

"ಏ, ಇಲ್ಲಿ ಒಡೀಬೇಡ ಮಾರಾಯ! ನೀರು ಹಾರಿದ್ರೆ ವಾರಂಟಿ ಇಲ್ಲ!"

ಕಡೆಗೆ ಕಾಯಿಯನ್ನು ಕೆಳಗೆ ಮೆಣಸಿನ ಮೂಟೆಗಳ ಎದುರು ಒಡೆದು, ಪ್ರಸಾದ ಮಾತ್ರ ಮೇಲೆ ತಂದೆವು.

ಆಮೇಲೆ ಅವನು ಒಂದೊಂದೇ ಗುಂಡಿ ಒತ್ತಿದ. ಒಂದರಲ್ಲಿ ಇಡೀ ಪಿಟೀಲಿನ ತಂಡ. ಇನ್ನೊಂದರಲ್ಲಿ ಕೊಳಲು. ನಮ್ಮ ಕೊಳಲಿನವರು ತಂಡಕ್ಕೇ ಹಿರಿಯರು, ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರು ಮೂಗು ಮುರಿದರು. "ಇದರಲ್ಲಿ ಉಸಿರು ಎಲ್ಲುಂಟು? ಉಸಿರು ಎಳೆಯದೆ ಊದ್ಲಿಕ್ಕೆ ಇದೆಂತ ಪ್ರೆಶರ್ ಕುಕ್ಕರಾ?" ಹುಡುಗ ಮತ್ತೊಂದು ಗುಂಡಿ ಒತ್ತಿದ. ಈಗ ಯಂತ್ರದ ಕೊಳಲು ಸ್ವರಗಳ ನಡುವೆ 'ಹುಸ್' ಅಂತ ಉಸಿರೂ ಎಳೆಯಿತು. ಅಣ್ಣ ಆ ಸಂಜೆ ಚಹಾ ಕೂಡ ಕುಡಿಯಲಿಲ್ಲ.

ಡೋಲಕ್ಕು, ತಬಲ ಎಲ್ಲ ಅದರೊಳಗೇ ಕೇಳಿದಾಗ ಪ್ಯಾಡಿನವನು ತಲೆಗೆ ಕೈ ಹೊತ್ತ. "ಹೋಯ್ತು, ನನ್ನ ಕತೆ ಲಗಾಡಿ. ನಾಳೆಯಿಂದ ಬೋಟಿನ ದಕ್ಕೆಗೆ ಹೋಗಿ ಮೀನಿನ ಬುಟ್ಟಿ ಹೊರುವುದೇ."

"ಸುಮ್ನಿರು," ಅಂದೆ ನಾನು. "ಆ ಪ್ಯಾಡ್ ತಂದು ತಬಲದವರನ್ನು ಮನೆಗೆ ಕಳಿಸಿದವ ನೀನೇ ಅಲ್ವಾ? ಈಗ ನಿನ್ನ ಸರದಿ ಬಂದಾಗ ಅಳುವುದು ಎಂತಕ್ಕೆ?"

ಆ ಯಂತ್ರವನ್ನು ಮನಸಾರೆ ಮೆಚ್ಚಿದವಳು ನಾನೊಬ್ಬಳೇ. ನನ್ನ ದನಿಗೆ ತಕ್ಕ ವಾದ್ಯ ಕಡೆಗೂ ಬಂತು ಅಂತ ನನಗೆ ಗಮ್ಮತ್ತು. ಯಾಕೆಂದರೆ ನನ್ನ ಹೆಚ್ಚುಗಾರಿಕೆ ಇದ್ದದ್ದೇ ಒರಿಜಿನಲ್ ಸ್ಕೇಲಿನಲ್ಲಿ. ರೆಕಾರ್ಡಿನಲ್ಲಿ ಹಾಡು ಯಾವ ಶ್ರುತಿಯಲ್ಲಿ ಉಂಟೋ ಅದೇ ಶ್ರುತಿಯಲ್ಲಿ, ಒಂದು ಕೂದಲೆಳೆಯೂ ಇಳಿಸದೆ ಹಾಡುವುದು. ಪ್ರಾಯ ಐವತ್ತೆಂಟು, ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಅಂತ ನಾನೇ ಹೇಳಿಕೊಳ್ಳುತ್ತಿದ್ದೆ. ಒಮ್ಮೆ ಹೊಸ ಹುಡುಗಿಯೊಬ್ಬಳು ತನ್ನ ಹಾಡಿಗೆ ಶ್ರುತಿ ಸ್ವಲ್ಪ ಇಳಿಸಿ ಅಂತ ಕೇಳಿದ್ದಕ್ಕೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಎಲ್ಲರೆದುರು ಹೇಳಿದ್ದೆ. ಅಲ್ಲಿಗೇ ನಿಲ್ಲಿಸಿದ್ದೆನಾ? ಇಲ್ಲ. "ನಾನು ಇಳಿಸಿ ಹಾಡುವ ದಿನ ಮೈಕ್ ಕೆಳಗಿಟ್ಟು ಮನೆಗೆ ಹೋಗ್ತೇನೆ" ಅಂತಲೂ ಸೇರಿಸಿದ್ದೆ.

ಹೊಸ ಸಿಂಥಿನ ಮೇಲೆ ಒಳ್ಳೆ ಪುಟ್ಟ ಟೀವಿಯಷ್ಟು ಪರದೆ ಇತ್ತು. ಆದರೆ ಹುಡುಗ ಅದರ ಮೇಲೆ ಯಾವಾಗಲೂ ಮೈ ಒರೆಸುವ ಒಂದು ಬೈರಾಸು ಮುಚ್ಚಿಡುತ್ತಿದ್ದ. "ಧೂಳು ಅಕ್ಕ." ಕಾರ್ಯಕ್ರಮದಲ್ಲಿ ಫ್ಯಾನಿನ ಗಾಳಿಗೆ ಬೈರಾಸು ಹಾರಿದರೆ, ಅದೇ ಯಂತ್ರಕ್ಕೆ ದಿನಾ ಶಾಪ ಹಾಕುವ ಅಣ್ಣ ಓಡಿಬಂದು ಸರಿ ಮಾಡುತ್ತಿದ್ದರು. ಅದರ ಮುಖ ನೋಡಲಿಕ್ಕೂ ಇವರಿಗೆ ಆಗುವುದಿಲ್ಲ, ಎಂಥ ಹೊಟ್ಟೆಕಿಚ್ಚಪ್ಪ ಅಂದುಕೊಂಡೆ.

ಹಂಪನಕಟ್ಟೆಯ ಹತ್ತಿರದ ಹಾಲಿನಲ್ಲಿ ಒಂದು ಮದುವೆ. ಮಧ್ಯಾಹ್ನ, ಕೆಳಗೆ ಊಟದ ಗದ್ದಲ, ಸ್ಟೇಜಿನ ಮೇಲೆ ನಾವು. ನನ್ನ ಹಾಡು ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಟ್ರೇ ಹಿಡಿದು ಸ್ಟೇಜಿಗೆ ಬಂದವನ ಕಾಲಿಗೆ ವಯರು ಸಿಕ್ಕಿ ಶರಬತ್ತು ಚೆಲ್ಲಿತು. ಶರಬತ್ತು ಹರಿದದ್ದು ನೇರ ಸಿಂಥಿನ ಕಡೆಗೆ. ಹುಡುಗನಿಗೆ ವಾರಂಟಿ ನೆನಪಾಯಿತು. ಬೈರಾಸು ಎಳೆದು ಒರೆಸತೊಡಗಿದ. ಆಗ ನಾನು ಪರದೆ ನೋಡಿದೆ. ಟ್ರಾನ್ಸ್‌ಪೋಸ್, ಮೈನಸ್ ಮೂರು. ಸಿಟಿ ಬಸ್ಸಿನ ನಂಬರಿನಷ್ಟು ದಪ್ಪ ಅಕ್ಷರ, ಅದೂ ಕೆಂಪು ಬಣ್ಣದಲ್ಲಿ.

ಮೈನಸ್ ಮೂರು ಅಂದರೆ ಹಾಡಿನ ಶ್ರುತಿಯನ್ನು ಮೂರು ಮನೆ ಕೆಳಗೆ ಇಳಿಸಿದ್ದು.

"ಇದು ಯಾರ ಹಾಡಿಗೆ?" ಅಂದೆ.

"ನಿಮ್ದಕ್ಕೆ ಅಕ್ಕ."

"ಎಷ್ಟು ಸಮಯದಿಂದ ಇದು?"

"ಹಳೇ ಕೀಬೋರ್ಡಿನಿಂದಲೂ ಉಂಟು ಅಕ್ಕ. ಅದರಲ್ಲಿ ಪರದೆ ಸಣ್ಣದು, ನಿಮಗೆ ಕಾಣ್ತಿರಲಿಲ್ಲ."

ಅಣ್ಣನ ಕೈ ನೋಡಿದೆ. ಉದ್ದದ ಕೊಳಲು. ನನ್ನ ಹಾಡಿಗೆ ಮಾತ್ರ ಅವರು ಅದನ್ನು ತೆಗೆಯುತ್ತಿದ್ದರು. ನನ್ನ ಹಾಡಿನ ಮಾಧುರ್ಯಕ್ಕೆ ದೊಡ್ಡ ಕೊಳಲೇ ಬೇಕು ಅಂತ ನಾನು ನೆಂಟರಿಷ್ಟರ ಹತ್ತಿರ ಕೊಚ್ಚಿಕೊಂಡದ್ದುಂಟು! ಶ್ರುತಿ ಇಳಿದರೆ ಕೊಳಲು ಉದ್ದ ಆಗಬೇಕು, ಅಷ್ಟೇ ಸಂಗತಿ. ಪ್ಯಾಡಿನವನು ಸೀಲಿಂಗ್ ನೋಡುತ್ತ ನಿಂತಿದ್ದ. ಎಲ್ಲರಿಗೂ ಗೊತ್ತಿತ್ತು.

"ನನ್ನನ್ನು ಮಂಗ ಮಾಡಿದ್ರಾ ನೀವೆಲ್ಲ?" ಮೈಕ್ ಆನ್ ಇತ್ತು. ಊಟದ ಸಾಲಿನವರು ಕೈಯಲ್ಲಿ ತುತ್ತು ಹಿಡಿದುಕೊಂಡೇ ತಿರುಗಿ ನೋಡಿದರು.

"ಸೊನ್ನೆ ಮಾಡು," ಅಂದೆ ಮೆಲ್ಲಗೆ.

"ಬೇಡ ಅಕ್ಕ."

"ಮಾಡ್ತೀಯಾ, ಇಲ್ಲ ನಾನೇ ಬಂದು ಒತ್ತಬೇಕಾ?"

ಮಾಡಿದ. ಅಣ್ಣ ಉದ್ದದ್ದನ್ನು ಕೆಳಗಿಟ್ಟು ಚಿಕ್ಕ ಕೊಳಲು ತೆಗೆದರು. ಪಲ್ಲವಿ ಚೆನ್ನಾಗಿಯೇ ಬಂತು; ನೋಡಿದ್ರಾ ಅನ್ನುವ ಹಾಗೆ ಮೂವರನ್ನೂ ದುರುಗುಟ್ಟಿದೆ. ಚರಣ ಹತ್ತಿರ ಬರುವಾಗ ಮಾತ್ರ ಹೆದರಿಕೆ ಶುರುವಾಯಿತು. ಎತ್ತರದ ಸ್ವರಕ್ಕೆ ಬಾಯಿ ತೆರೆದೆ. ಗಾಳಿ ಬಂತು, ಸ್ವರ ಬರಲಿಲ್ಲ. ನನ್ನ ದನಿ ಇರಬೇಕಾದ ಜಾಗದಲ್ಲಿ ಅಣ್ಣನ ಕೊಳಲು ಹೊಕ್ಕಿತು, ಆ ಸಾಲು ಪೂರ್ತಿ ಅವರೇ ದಾಟಿಸಿದರು. ಕೆಳಗೆ ಯಾರೂ ತಲೆ ಎತ್ತಲಿಲ್ಲ. ಕೋಳಿ ಸುಕ್ಕ ಬಡಿಸುವ ಹೊತ್ತು. ಗೊತ್ತಾಗದ್ದು ಒಳ್ಳೆಯದಾಯಿತು ಅನ್ನಬೇಕಲ್ಲ, ನನಗೆ ಅದೇ ಇನ್ನಷ್ಟು ಸಂಕಟ. ಹಾಡು ಮುಗಿಸಿ ಊಟದ ಸಾಲಿಗೆ ಬೆನ್ನು ಹಾಕಿ ನಿಂತೆ. ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ?

"ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ ನಿಮಗೆ?"

"ಹೇಳಿದ್ರೆ ನೀವು ಬಿಟ್ಟು ಹೋಗ್ತೀರಲ್ಲ ಅಕ್ಕ," ಅಂದ ಹುಡುಗ. "ಮೈಕ್ ಕೆಳಗಿಡ್ತೇನೆ ಅಂದವರು ನೀವೇ. ನೀವು ಹೋದ್ರೆ ಮತ್ತೆ ನಮ್ಮನ್ನು ಬೈಯ್ಲಿಕ್ಕೆ ಯಾರುಂಟು?"

ಮುಂದಿನದೂ ನನ್ನ ಹಾಡೇ. ಪ್ಯಾಡಿನವನು ಎತ್ತಿದ ಕೈ ಎತ್ತಿದಲ್ಲೇ ಇತ್ತು. ಅಣ್ಣ ಯಾವ ಕೊಳಲನ್ನೂ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು.

"ಮೂರು ಮಾಡ್ಲಾ ಅಕ್ಕ?" ಅಂದ ಹುಡುಗ, ಕೇಳಿಸಿಯೂ ಕೇಳಿಸದ ಹಾಗೆ.

"ಮೂರು ಬೇಡ," ಅಂದೆ. ಮೂವರ ಮುಖವೂ ಬಾಡಿತು.

ಮೈಕಿಗೆ ಅಂಗೈ ಮುಚ್ಚಿ ಅವನ ಹತ್ತಿರ ಬಗ್ಗಿದೆ. "ನಾಲ್ಕು ಮಾಡು ಮಾರಾಯ. ಈಚೆಗೆ ಮೂರು ಸಹ ಕಷ್ಟ ಆಗ್ತಾ ಉಂಟು."