ಚನ್ನವೀರಮ್ಮನ ಐದು ಊಟ

ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗುವ ಬಂಡಿದಾರಿಯಲ್ಲಿ ಆಗ ಒಂದು ಪೊಲೀಸ್ ಚೌಕಿ ಇತ್ತು. ಅಲ್ಲಿ ಹಿಡಿದಿಟ್ಟವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದವಳು ಚನ್ನವೀರಮ್ಮ. ಧಾತು ಸಂವತ್ಸರದ ದೊಡ್ಡ ಬರದಲ್ಲಿ ಗಂಡನನ್ನು ಕಳೆದುಕೊಂಡು, ಬಳ್ಳಾರಿಯ ಗಂಜಿಕೇಂದ್ರದ ಸಾಲಿನಲ್ಲಿ ನಿಂತವಳು ಅಲ್ಲೇ ಸೌಟು ಹಿಡಿದಳು. ಬರ ಹೋಗಿ ಹನ್ನೊಂದು ವರ್ಷವಾದರೂ ಸೌಟು ಅವಳ ಕೈಬಿಟ್ಟಿರಲಿಲ್ಲ. ಒಳಗೆ ಕೂತವನು ಕಳ್ಳನೋ ಸಾಧುವೋ ಎಂದು ಅವಳು ವಿಚಾರಿಸಿದವಳೇ ಅಲ್ಲ. "ಉಂಡೀಯೇನಪಾ?" ಎಂಬುದೊಂದೇ ಅವಳ ವಿಚಾರಣೆ. ಆ ಚೌಕಿಯಲ್ಲಿ ನೆಟ್ಟಗೆ ನಡೆಯುತ್ತಿದ್ದ ವಿಚಾರಣೆಯೂ ಅದೊಂದೇ ಅನ್ನಿ.

ಒಂದು ಭಾನುವಾರ ಬೆಳಿಗ್ಗೆ ಬಾದನಹಟ್ಟಿಯ ಉಚ್ಚೆಂಗೆಪ್ಪನನ್ನು ಹಿಡಿದು ತಂದರು. ಗೌಡರ ಮನೆಯ ಹಿತ್ತಾಳೆ ಹಂಡೆ ಕಳುವಾಗಿತ್ತು, ಯಾರೋ ಇವನ ಹೆಸರು ಹೇಳಿದ್ದರು, ಅಷ್ಟೇ. ಮೊಣಕಾಲುದ್ದ ಎರೆಮಣ್ಣು ಮೆತ್ತಿಕೊಂಡು ಬಂದವನ ಮುಂದೆ ಚನ್ನವೀರಮ್ಮ ಮಧ್ಯಾಹ್ನ ರೊಟ್ಟಿ ಇಟ್ಟರೆ ಅವನು ಮುಟ್ಟಲಿಲ್ಲ.

"ಯವ್ವಾ, ಎತ್ತು ಹೊಲದಾಗ ನಿಂತಾವ. ನೊಗ ಇಳಿಸಾಕೂ ಬಿಡಲಿಲ್ಲ ಇವ್ರು" ಎಂದ.

ತನ್ನ ಚಿಂತೆ ಬಿಟ್ಟು ಎತ್ತಿನ ಚಿಂತೆ ಮಾಡುವವನನ್ನು ಕಂಡು ಅವಳು ದಾರಿಗೆ ಬಂದಳು. ಬಾದನಹಟ್ಟಿ ಕಡೆ ಹೊರಟಿದ್ದ ಬಂಡಿಯವನನ್ನು ನಿಲ್ಲಿಸಿ, ಉಚ್ಚೆಂಗೆಪ್ಪನ ಹೆಂಡತಿ ಜಂಬಮ್ಮನಿಗೆ ಸುದ್ದಿ ಮುಟ್ಟಿಸಲು ಹೇಳಿದಳು. ಎತ್ತು ಕೊಟ್ಟಿಗೆ ಸೇರಿದವು ಎಂದು ಸಂಜೆ ಮರುಸುದ್ದಿ ಬಂದ ಮೇಲೆಯೇ ಅವನು ರೊಟ್ಟಿ ಮುರಿದದ್ದು.

ಹಿಡಿದವನನ್ನು ಇಪ್ಪತ್ತನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ದಾರಿ ನಡೆಯುವ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ ಎಂಬುದು ಸರ್ಕಾರದ ಕಾಯಿದೆ. ಚೌಕಿಯ ಯಜಮಾನನಾದ ದಫೇದಾರನಿಗೆ ಇದು ಬಾಯಿಪಾಠವಾಗಿತ್ತು, ಮುರಿಯುವ ದಾರಿಯೂ ಗೊತ್ತಿತ್ತು. ಸೋಮವಾರವೆಲ್ಲ ಗದರಿಸಿದ, ಬಿಸಿಲಿಗೆ ನಿಲ್ಲಿಸಿದ. ಉಚ್ಚೆಂಗೆಪ್ಪ "ನಾ ಹಂಡೆ ನೋಡೇ ಇಲ್ರಿ" ಅಂದದ್ದನ್ನೇ ಅಂದ. ಮಂಗಳವಾರ ನಸುಕಿನಲ್ಲಿ ಅವನಿಗೆ ಬೇಡಿ ಹಾಕಿ ಸಿರುಗುಪ್ಪಕ್ಕೆ ಹೊರಡಿಸುವಾಗ, ದಫೇದಾರ ಚನ್ನವೀರಮ್ಮನನ್ನೂ ಕರೆದ.

"ಹೊಟ್ಟಿತುಂಬ ಹಾಕೀವಿ ಅಂತ ಸಾಕ್ಷಿ ಹೇಳಬೇಕು ನೀನು. ಎಷ್ಟು ಊಟ ಅಂದ್ರ ಮೂರು ಅನ್ನು. ನಿನ್ನೆ ಹಿಡಿದೀವಿ, ತಿಳೀತೇನು? ಹದಿನೈದು ದಿನ ಇಟ್ಟುಕೊಳ್ಳಾಕ ಅಪ್ಪಣಿ ತಗೊಂಡು ಬರ್ತೀನಿ. ಹಂಡೆ ತಾನಾಗೇ ಹೊರಗ ಬರತೈತಿ."

ಹದಿನೈದು ದಿನ! ಹಿಂಗಾರಿ ಬಿತ್ತನೆಯ ಹದ ಅಷ್ಟು ದಿನ ಯಾರಿಗಾಗಿ ಕಾಯುತ್ತದೆ? ಅದೂ ಹೋಗಲಿ, ಹದಿನೈದು ದಿನವಾದ ಮೇಲೆ ಇವನು ಇವನಾಗಿ ಉಳಿದಾನೇ? ದಾರಿಯುದ್ದಕ್ಕೂ ಚನ್ನವೀರಮ್ಮ ಬೆರಳು ಮಡಿಚಿದಳು, ಬಿಚ್ಚಿದಳು. ಭಾನುವಾರ ಎರಡು, ಸೋಮವಾರ ಎರಡು, ಈ ಬೆಳಿಗ್ಗೆ ಒಂದು. ಐದು ಅಂದರೆ ತನ್ನ ಒಲೆ ಆರುತ್ತದೆ. ಮೂರು ಅಂದರೆ ಅನ್ನದ ಮೇಲೆ ಸುಳ್ಳಾಡಿದಂತೆ, ಅದೂ ಗಂಜಿಗೆ ಕೈಯೊಡ್ಡಿ ಬದುಕುಳಿದವಳು. ಅವಳಿಗೆ ನಿಜವಾಗಿಯೂ ಭಯವಾಗಿತ್ತು.

ಸಿರುಗುಪ್ಪದ ಕಚೇರಿಯಲ್ಲಿ ಸಬ್ ಮ್ಯಾಜಿಸ್ಟ್ರೇಟ್ ಅನಂತರಾಯರು ಕೂತಿದ್ದರು. ಬಳ್ಳಾರಿ ಪೇಟೆಯಲ್ಲಿ ಹುಟ್ಟಿ ಬೆಳೆದ ಆಚಾರವಂತರು. ದಫೇದಾರನೂ ಎತ್ತಿನ ಗಂಟೆಯಲ್ಲ, ಅಲ್ಲಿನ ಕಂಟೋನ್ಮೆಂಟಿನ ಬ್ಯಾಂಡು ಕೇಳಿ ಬೆಳೆದವನು. ಅವನು ಬರೆದದ್ದನ್ನು ಗುಮಾಸ್ತ ಓದಿದ: "ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಆಸಾಮಿಯು ತನ್ನ ಹೊಲದಲ್ಲಿ ಜೋಡೆತ್ತು ಹೂಡಿ ಕುಂಟೆ ಹೊಡೆಯುತ್ತಿರುವಾಗ, ದಸ್ತಗಿರಿ ಮಾಡಲಾಯಿತು."

ರಾಯರು ತಲೆಯಾಡಿಸಿದರು. ಚನ್ನವೀರಮ್ಮನ ಕಡೆ ತಿರುಗಿ, "ಎಷ್ಟು ಊಟ ಹಾಕಿದಿಯಮ್ಮಾ?" ಎಂದು ಕೇಳಿದರು.

ಅವಳು ದಫೇದಾರನನ್ನು ನೋಡಿದಳು. ಬೇಡಿಯ ಕೈಗಳನ್ನು ನೋಡಿದಳು. ಬಾಯಿಗೆ ಮೂರೂ ಬರಲಿಲ್ಲ, ಐದೂ ಬರಲಿಲ್ಲ.

"ಧಣಿ, ಸೋಮವಾರ ಎತ್ತು ಹೂಡಾಂಗಿಲ್ಲರಿ" ಎಂದಳು.

ಕಚೇರಿಯ ಜಗಲಿಯಲ್ಲಿ ಕೂತಿದ್ದ ರೈತರೆಲ್ಲ ಒಮ್ಮೆಲೇ ನಕ್ಕರು. ರಾಯರಿಗೆ ಮಾತ್ರ ಅರ್ಥವಾಗಲಿಲ್ಲ. ಒಬ್ಬ ಮುದುಕ ಎದ್ದು, "ಸೋಮವಾರ ಬಸವಣ್ಣನ ದಿನರೀ. ಮನಿಗೆ ಬೆಂಕಿ ಬಿದ್ರೂ ನಮ್ಮ ಸೀಮಿಯೊಳಗ ಎತ್ತಿನ ಹೆಗಲಿಗೆ ನೊಗ ಇಡಾಂಗಿಲ್ಲ" ಎಂದು ತಿಳಿಸಿ ಹೇಳಿದ.

"ಹಾಗಾದರೆ ಹಿಡಿದದ್ದು ಯಾವತ್ತಮ್ಮಾ?"

ಈಗ ಅವಳಿಗೆ ಉಸಿರು ಬಂತು. "ಐತವಾರರೀ. ಐದು ಊಟ ಹಾಕೀನಿ. ಮೊದಲನೇದು ಮುಟ್ಟಲಿಲ್ಲರಿ, ಎತ್ತಿನ ಚಿಂತ್ಯಾಗಿದ್ದ."

ದಫೇದಾರ ತಪ್ಪು ತಿದ್ದಲು ಬಾಯಿ ತೆರೆದ. ರಾಯರು ಕೈ ಎತ್ತಿ ತಡೆದರು. "ನನ್ನ ಅಪ್ಪಣೆ ಇಲ್ಲದೆ ಇಪ್ಪತ್ತನಾಲ್ಕು ತಾಸಿನ ಮೇಲೆ ಒಂದು ನಿಮಿಷ ಇಡುವ ಹಕ್ಕೂ ನಿನಗಿಲ್ಲ. ಹಂಡೆಯೂ ಸಿಕ್ಕಿಲ್ಲ, ಪುರಾವೆಯೂ ಇಲ್ಲ. ಇನ್ನು ಹದಿನೈದು ದಿನ ಯಾತಕ್ಕೆ ಕೊಡಲಿ?" ಎಂದವರು, ಕರೆದಾಗ ಬರುವುದಾಗಿ ಉಚ್ಚೆಂಗೆಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಬೇಡಿ ಬಿಚ್ಚಿಸಿದರು. ದಫೇದಾರನ ಸುಳ್ಳು ಬರಹವನ್ನು ಬಳ್ಳಾರಿಗೆ ಕಳಿಸಿದರು. ಅಲ್ಲಿ ಅದು ಏನಾಯಿತೋ, ದೊಡ್ಡವರ ಕಾಗದ ಎಲ್ಲಿ ಮಲಗುತ್ತದೋ ಯಾರಿಗೆ ಗೊತ್ತು.

ಚನ್ನವೀರಮ್ಮನ ಒಲೆಯಂತೂ ಮರುದಿನವೇ ಆರಿತು. ಚೌಕಿಯ ಹತ್ತಿರ ಸುಳಿಯಬೇಡ ಎಂದರು. ಅವಳು ತನ್ನ ಹಂಚು, ಹಿಟ್ಟು ನಾದುವ ಕೊಣಮಿಗೆ ಹೊತ್ತು ಗುಡಿಸಲಿಗೆ ಬಂದು ಕೂತಳು. ಅತ್ತಳೆಂದೂ ಹೇಳುತ್ತಾರೆ. ಅಳಬಾರದೇನು, ಹನ್ನೊಂದು ವರ್ಷದ ಕೆಲಸ.

ಮುಂದಿನ ಸೋಮವಾರ ಬಾಗಿಲಲ್ಲಿ ಉಚ್ಚೆಂಗೆಪ್ಪ ನಿಂತಿದ್ದ. ಹೆಗಲ ಮೇಲೆ ಜೋಳದ ಚೀಲ, ಹಿಂದೆ ಹುಲ್ಲಿನ ಹೊರೆ ಹೊತ್ತ ಜಂಬಮ್ಮ.

"ಬಿತ್ತಿಗಿ ಮುಗೀತವ್ವಾ. ಇವತ್ತು ಎತ್ತಿಗೆ ಬಿಡುವು, ನನಗೂ ಬಿಡುವು. ನಿನ್ನ ಗುಡಿಸಲ ಸೋರತೈತಂತಲ್ಲ" ಎಂದು ಹೇಳಿ ಛಾವಣಿ ಹತ್ತಿದ. ಆಮೇಲೆ ಸೋಮವಾರ ಬಂತೆಂದರೆ ಅವನೋ ಜಂಬಮ್ಮನೋ ಬರುವುದು ತಪ್ಪಲಿಲ್ಲ, ಅವಳು ಕಣ್ಣು ಮುಚ್ಚುವವರೆಗೂ.

ಆ ಮೊದಲ ಸೋಮವಾರ ಮಧ್ಯಾಹ್ನ ಅವನು ಬೆವರೊರೆಸಿಕೊಂಡು ಇಳಿದಾಗ ಚನ್ನವೀರಮ್ಮ ಹಂಚಿನ ಮುಂದೆ ಕೂತಿದ್ದಳು.

"ಉಂಡೀಯೇನಪಾ?"

"ಇಲ್ಲವ್ವಾ."

ಬಿಸಿ ರೊಟ್ಟಿ ಅವನ ಕೈಗೆ ಕೊಟ್ಟು, "ಇದು ಆರನೇ ಊಟ" ಎಂದಳು. "ಇದನ್ನ ಯಾವ ಕಚೇರಿಯೊಳಗೂ ಹೇಳಾದಿಲ್ಲ ನಾನು."